ಹುಲ್ಲುಗರುವಿನ ಗುಡ್ಡ

ಕರ್ಕಿಹಾಳದ ಅಗಸೆ ಬಾಗಿಲಿನಿಂದ ಹೊರಬಿದ್ದು ಹಳ್ಳದ ಗುಂಟ ಬಡಗಲಿಗೆ ನಡೆದರೆ ಬಲಗಡೆ ಒಂದಕ್ಕೊಂದು ಒತ್ತಿ ನಿಂತ ಸಾಲುಗುಡ್ಡಗಳೂ ಎಡಗಡೆ ಹಳ್ಳದಾಚೆ ಒಂಟಿಯಾಗಿ ಕುಳಿತ ಒಂದು ಕಲ್ಲುಗುಡ್ಡವೂ ಕಾಣುತ್ತವೆ. ಆ ಒಂಟಿ ಗುಡ್ಡಕ್ಕೇ ಹುಲ್ಲುಗರುವಿನ ಗುಡ್ಡವೆಂದು ಹೆಸರು. ಹೆಸರು ಕೇಳಿ ಹಸಿರು ಹುಡುಕಿಕೊಂಡು ಬಂದವರಿಗೆ ಅಲ್ಲಿ ಸಿಗುವುದು ಬಿಸಿಲಿಗೆ ಕಾದ ಬಂಡೆ, ಪಾಪಾಸುಕಳ್ಳಿ, ನಾಲ್ಕಾರು ಕಾರೆಗಿಡ, ಅಷ್ಟೇ. ಆಡುಗಳು ಸಹ ಮೂಸಿ ನೋಡಿ ಮುಂದೆ ಸಾಗುತ್ತವೆ. ರಸ್ತೆಬದಿಯ ಚಹಾದ ಅಂಗಡಿಯವರು ತುದಿಯ ಬಂಡೆಯೊಂದನ್ನು ತೋರಿಸಿ, ಅದು ಮಲಗಿದ ಕರುವಿನಂತಿದೆ, ಅದಕ್ಕೇ ಈ ಹೆಸರು ಎಂದು ಹೇಳಿ ಕಳಿಸುತ್ತಾರೆ. ಹಸಿದವನಿಗೆ ಕಲ್ಲೆಲ್ಲ ರೊಟ್ಟಿ. ನೋಡಬೇಕೆಂದು ಕುಳಿತರೆ ಯಾವ ಬಂಡೆ ಕರುವಿನಂತೆ ಕಾಣುವುದಿಲ್ಲ ಹೇಳಿ! ಓದಿದವರೊಬ್ಬರು ಬಂದು, ಅರಸರ ಕಾಲದಲ್ಲಿ ಇಲ್ಲಿ ಹುಲ್ಲುಗಾವಲಿತ್ತೆಂದು ಬರೆದುಕೊಂಡು ಹೋದರಂತೆ. ಬರೆದುಕೊಳ್ಳಲಿ, ಕಾಗದ ಅವರದು. ಊರಿನಲ್ಲಿ ಎಮ್ಮೆ ಕಟ್ಟಿ ಬಾಳಿದ ಮನೆಗಳ ಮುದುಕಿಯರು ಹೇಳುವ ಕಥೆಯೇ ಬೇರೆ. ಅವರು ಅದನ್ನು ತಮ್ಮ ಅತ್ತೆಯರಿಂದ ಕೇಳಿದವರು. ನನಗೆ ಅವರ ಮಾತಿನ ಮೇಲೆ ನಂಬಿಕೆ.

ಹಿಂದೆ ಒಮ್ಮೆ, ಈ ಸೀಮೆಗೆ ಗಟ್ಟಿ ದೊರೆಯೆಂಬುವವನೇ ಇಲ್ಲದ ಕಾಲದಲ್ಲಿ, ಸುಗ್ಗಿ ಮುಗಿಯುತ್ತಿದ್ದಂತೆ ಹೊಳೆಯಾಚೆಯಿಂದ ಸುಲಿಗೆಯ ಕುದುರೆ ದಂಡು ಏರಿ ಬರುತ್ತಿತ್ತು ಎನ್ನುತ್ತಾರೆ. ಬೆಳೆದವರ ಬಾಯಿಗೆ ಮಣ್ಣು, ಬಂದವರ ಹಗೇವಿಗೆ ಜೋಳ. ಕಾಳು ಎಲ್ಲಿ ಹೂತಿದ್ದಾರೆಂದು ಹೇಳದವರ ಮಕ್ಕಳನ್ನು ಎಳೆದು ತಂದು ಕಣ್ಣೆದುರಿಗೇ ನಿಲ್ಲಿಸುತ್ತಿದ್ದರು; ಆಮೇಲೆ ಹೇಳದವರು ಯಾರು? ಕರ್ಕಿಹಾಳದವರಿಗೆ ಇದ್ದ ಒಂದೇ ಪುಣ್ಯವೆಂದರೆ ಸಾಲುಗುಡ್ಡದ ಹೊಟ್ಟೆಯೊಳಗಿನ ಒಂದು ಒಳಬಯಲು. ಸುತ್ತಲೂ ಬಂಡೆ, ನಡುವೆ ಒಂದು ಸಣ್ಣ ಊರು ಕೂರುವಷ್ಟು ಜಾಗ. ಒಳಕ್ಕೆ ಹೋಗುವ ಸಂದು ಎಷ್ಟು ಇಕ್ಕಟ್ಟೆಂದರೆ ಎಮ್ಮೆ ನುಗ್ಗಿದರೆ ಎರಡೂ ಪಕ್ಕೆ ತಿಕ್ಕುತ್ತಿದ್ದವು. ಹೊರಗೆ ನಿಂತವರಿಗೆ ಅದು ಬಂಡೆಯ ನೆರಳೆಂದೇ ತೋರುತ್ತಿತ್ತು. ದಂಡಿನ ಸುದ್ದಿ ಕಿವಿಗೆ ಬಿದ್ದೊಡನೆ ಊರಿಗೆ ಊರೇ ಕಾಳುಕಡಿ, ದನಕರು, ಮಕ್ಕಳುಮರಿ ಕಟ್ಟಿಕೊಂಡು ಆ ಸಂದಿನಲ್ಲಿ ತೂರಿ ಮಾಯವಾಗುತ್ತಿತ್ತು.

ಆ ಊರಲ್ಲಿ ಗಾಳೆವ್ವನೆಂಬ ಹೆಂಗಸು ಇದ್ದಳು. ಕೂಸು ಹೊಟ್ಟೆಯಲ್ಲಿದ್ದಾಗಲೇ ಗಂಡನನ್ನು ಹಾವು ಕಚ್ಚಿ ಕಳೆದುಕೊಂಡವಳು. ಮನೆಯಲ್ಲಿ ಅತ್ತೆ ತಿಪ್ಪವ್ವ, ಎದೆಹಾಲು ಕುಡಿಯುವ ಮಗಳು ಬಾಳಿ, ಕೊಟ್ಟಿಗೆಯಲ್ಲಿ ಹಣೆಗೆ ಬಿಳಿ ಚುಕ್ಕೆಯಿದ್ದ ಚಂದ್ರಿ ಎಂಬ ಎಮ್ಮೆ. ಆ ವರ್ಷ ದೀಪಾವಳಿಯ ಮಗ್ಗುಲಲ್ಲಿ ಚಂದ್ರಿಯ ಕರು ಸತ್ತಿತು. ಕರು ಕಳೆದುಕೊಂಡ ಎಮ್ಮೆ ಹಾಲು ಇಳಿಸುವುದಿಲ್ಲ, ಕೆಚ್ಚಲು ಕಲ್ಲಾಗುತ್ತದೆ. ಅದಕ್ಕೆ ಎಮ್ಮೆ ಕಟ್ಟಿದವರಲ್ಲಿ ಒಂದು ಹಳೆಯ ರೂಢಿಯಿದೆ. ಸತ್ತ ಕರುವಿನ ತೊಗಲು ಸುಲಿಸಿ, ಉಪ್ಪು ಬೂದಿ ತಿಕ್ಕಿ ಒಣಗಿಸಿ, ಒಳಗೆ ನವಣೆ ಹುಲ್ಲು ತುಂಬಿ, ಕಾಲಿಗೆ ಕೋಲು ಕೊಟ್ಟು ಹೊಲಿದು ನಿಲ್ಲಿಸುತ್ತಾರೆ. ಹಿಂಡುವ ಹೊತ್ತಿಗೆ ಈ ಹುಲ್ಲುಗರುವನ್ನು ಎದುರಿಗಿಟ್ಟರೆ ಎಮ್ಮೆ ಅದನ್ನು ನೆಕ್ಕುತ್ತ ನೆಕ್ಕುತ್ತ ಹಾಲು ಬಿಡುತ್ತದೆ. ಕೇರಿಯ ಮಕ್ಕಳಿಗೆ ಅದು ನಗೆಯಾಟ. ಗಾಳೆವ್ವನಿಗೆ ಮಾತ್ರ ಪ್ರತಿ ಸಲವೂ ತಾನು ಮೋಸ ಮಾಡುತ್ತಿದ್ದೇನೆಂದು ಅನಿಸುತ್ತಿತ್ತು. ತಪ್ಪಾಯಿತು ನಮ್ಮವ್ವ, ಸಿಟ್ಟಾಗಬೇಡ ಎಂದು ಚಂದ್ರಿಯ ಕಿವಿಯ ಬುಡದಲ್ಲಿ ಹೇಳಿಕೊಂಡೇ ಅವಳು ಹಿಂಡಲು ಕೂರುತ್ತಿದ್ದಳು.

ಆ ಸುಗ್ಗಿಯಲ್ಲಿ ದಂಡಿನ ಸುದ್ದಿ ಮೊದಲೇ ಬಂತು, ದಂಡು ಬರುವುದು ತಡವಾಯಿತು. ಊರವರು ಒಳಬಯಲು ಸೇರಿ ಸುಮಾರು ದಿನಗಳಾಗಿ, ದನಗಳಿಗೂ ಅದೇ ಮನೆಯೆಂದು ರೂಢಿಯಾಗಿ ಹೋಗಿತ್ತು. ಬೆಳಗಿನ ಮಬ್ಬಿನಲ್ಲಿ ಅವನ್ನು ಹಳ್ಳಕ್ಕೆ ಹೊಡೆದು, ನೀರು ಕುಡಿಸಿ, ಬಿಸಿಲೇರುವ ಮುಂಚೆ ಒಳಕ್ಕೆ ತರುತ್ತಿದ್ದರು. ಆದರೆ ಕೆಸರಿನಲ್ಲಿ ಮಲಗಿದ ಎಮ್ಮೆಯನ್ನು ಎಬ್ಬಿಸುವುದೆಂದರೆ ಮುನಿಸಿಕೊಂಡ ಬೀಗರನ್ನು ಊಟಕ್ಕೆಬ್ಬಿಸಿದಂತೆ. ಒಂದು ಬೆಳಿಗ್ಗೆ ಚಂದ್ರಿ ಮಡುವಿನಿಂದ ಏಳಲಿಲ್ಲ. ಹೊಡೆದರು, ಬೈದರು, ಬಾಲ ತಿರುವಿದರು. ಅಷ್ಟರಲ್ಲಿ ಗೊರಸಿನ ಸದ್ದು ಕೇಳಿ ದನ ಕಾಯುತ್ತಿದ್ದವರು ಉಳಿದ ದನ ಹೊಡೆದುಕೊಂಡು ಜೀವ ಕೈಯಲ್ಲಿ ಹಿಡಿದು ಓಡಿ ಬಂದರು. ಸವಾರರು ಚಂದ್ರಿಯನ್ನು ಹಿಡಿದು ಬರಿದಾದ ಊರಿಗೆ ಒಯ್ದರು.

ದಂಡಿನ ನಾಯಕ ಅದನ್ನು ಕಡಿಯಲಿಲ್ಲ, ಹಿಂಡಿಸಲೂ ಇಲ್ಲ. ಅಗಸೆಯ ಹತ್ತಿರ ಕಟ್ಟಿಸಿ ಸುಮ್ಮನೆ ಕುಳಿತ. ಬಂಡೆಯ ಮೇಲೆ ಬೋರಲು ಮಲಗಿ ಕಾವಲು ಕಾಯುತ್ತಿದ್ದವನು ಇಳಿದು ಬಂದು ಈ ಮಾತು ಹೇಳಿದಾಗ ಊರಗೌಡ ಮುದುಕಪ್ಪನಿಗೆ ಕೂಡಲೇ ಅರ್ಥವಾಯಿತು. ಹೊಳೆದಂಡೆಯ ಒಂದು ಊರು ಹೀಗೆಯೇ ಹಾಳಾದದ್ದನ್ನು ಅವನು ಕೇಳಿ ಬಲ್ಲ.

“ಕುದುರಿಗಿ ದಾರಿ ಗೊತ್ತಿಲ್ಲ, ಎಮ್ಮಿಗಿ ಗೊತ್ತೈತಿ” ಎಂದ ಗೌಡ. “ಸಂಜೀತನಕ ಕಟ್ಟಿ, ಕೆಚ್ಚಲ ಬಿಗಿದ ಮ್ಯಾಲ ಬಿಡ್ತಾರ. ಅದು ಮನಿಗಿ ಬರ್ತೈತಿ. ಅದರ ಹಿಂದ ಅವರು ಬರ್ತಾರ.”

ತಾಯಂದಿರ ಕೈ ತಾವಾಗಿಯೇ ಮಕ್ಕಳ ಬಾಯಿಯ ಮೇಲೆ ಹೋಯಿತು. ಸಂದಿಗೆ ಕಲ್ಲು ಮುಚ್ಚೋಣವೆಂದರು ಕೆಲವರು. ಮುಚ್ಚಿದರೆ ಎಮ್ಮೆ ಹೊರಗೆ ನಿಂತು ಒದರುತ್ತದೆ, ಡಂಗುರ ಹೊಡೆಸಿದಂತೆಯೇ ಆಯಿತು ಎಂದರು ಇನ್ನು ಕೆಲವರು. ಎಲ್ಲರ ಕಣ್ಣೂ ಗಾಳೆವ್ವನ ಮೇಲೆ. ಅವಳದೇ ಎಮ್ಮೆಯಲ್ಲವೇ? ಅವಳು ಕೂಸನ್ನು ಎದೆಗವಚಿಕೊಂಡು ನೆಲ ನೋಡುತ್ತಿದ್ದಳು. ಕೊನೆಗೆ ಉಪಾಯ ಹೊಳೆದದ್ದು ತಿಪ್ಪವ್ವನಿಗೆ. ಎಮ್ಮೆ ಬರುವುದು ಕರುವಿನ ಆಸೆಗೆ. ಕರುವನ್ನೇ ಹಳ್ಳದಾಚೆಯ ಒಂಟಿ ಗುಡ್ಡದ ಮೇಲೆ ನಿಲ್ಲಿಸಿದರೆ ಎಮ್ಮೆ ಅಲ್ಲಿಗೆ ಹೋಗುತ್ತದೆ ಎಂದಳು ಆಕೆ. ಎಲ್ಲರಿಗೂ ಹೋದ ಜೀವ ಬಂದಂತಾಯಿತು. ಗೌಡನ ತಮ್ಮ ಹುಲ್ಲುಗರುವನ್ನು ಹೆಗಲ ಮೇಲೆ ಹೊತ್ತು, ಬಂಡೆಗಳ ಮರೆಯಲ್ಲಿ ಹಳ್ಳ ದಾಟಿ, ಗುಡ್ಡದ ನೆತ್ತಿಯಲ್ಲಿ ಅದನ್ನು ನಿಲ್ಲಿಸಿ ಅದೇ ದಾರಿಯಲ್ಲಿ ತಿರುಗಿ ಬಂದ.

ಇಳಿಹೊತ್ತಿಗೆ ಚಂದ್ರಿಯ ಹಗ್ಗ ಬಿಚ್ಚಿದರು. ಬಂಡೆಯ ಸೀಳಿನಲ್ಲಿ ಗೌಡನ ಪಕ್ಕದಲ್ಲೇ ಕುಳಿತು ಗಾಳೆವ್ವ ನೋಡುತ್ತಿದ್ದಳು. ಎಮ್ಮೆ ಹಳ್ಳದ ಗುಂಟ ತನ್ನ ಪಾಡಿಗೆ ಬರುತ್ತಿತ್ತು. ಬಿಗಿದ ಕೆಚ್ಚಲಿಗೆ ಹಿಂಗಾಲು ಅಗಲಿಸಿ ನಡೆಯುತ್ತಿತ್ತು. ಬಹಳ ಹಿಂದೆ ಸವಾರರು ಕುದುರೆಗಳನ್ನು ನಿಧಾನ ನಡಿಗೆಯಲ್ಲಿ ಬಿಟ್ಟುಕೊಂಡು ಬರುತ್ತಿದ್ದರು. ಮಡುವಿನ ಹತ್ತಿರ ದಾರಿ ಎರಡಾಗುತ್ತದೆ. ಚಂದ್ರಿ ಅಲ್ಲಿ ನಿಂತು ಮೂಗೆತ್ತಿತು. ಎಡಕ್ಕೆ ತಿರುಗಿ ಹಳ್ಳ ದಾಟಿ ಒಂಟಿ ಗುಡ್ಡದ ಕಡೆಗೆ ನಾಲ್ಕು ಹೆಜ್ಜೆ ಹಾಕಿದಾಗ ಗೌಡ ಕಣ್ಣುಮುಚ್ಚಿ ಕುಲದೇವರಿಗೆ ಕೈಮುಗಿದ. ಆದರೆ ಆಗ ಬೀಸುತ್ತಿದ್ದುದು ಮೂಡಗಾಳಿ, ಸಾಲುಗುಡ್ಡದ ಕಡೆಯಿಂದ ಹಳ್ಳದ ಕಡೆಗೆ. ಎಮ್ಮೆ ಮತ್ತೆ ನಿಂತಿತು. ಮತ್ತೆ ಮೂಗೆತ್ತಿತು. ನಿಧಾನವಾಗಿ ತಿರುಗಿ ಸೀದಾ ಬಂಡೆಯ ಸೀಳಿನ ಕಡೆಗೇ ಮುಖಮಾಡಿ ಮಡುವಿನ ನೀರಿಗಿಳಿಯಿತು.

ಊರೆಲ್ಲ ಸೇರಿ ಮಾಡಿದ ತಪ್ಪು ಗಾಳೆವ್ವನಿಗೆ ಆ ಗಳಿಗೆಯಲ್ಲಿ ತಿಳಿಯಿತು. ತೊಗಲಿನೊಳಗೆ ಹುಲ್ಲು ತುಂಬಿದವರು ಎಮ್ಮೆ ಮೋಸ ಹೋಯಿತೆಂದು ಹಿಗ್ಗಿದ್ದರು. ಅದು ಒಂದು ದಿನವೂ ಮೋಸ ಹೋಗಿರಲಿಲ್ಲ.

“ಅದು ಹುಲ್ಲು ಅಂತ ಚಂದ್ರಿಗಿ ಮೊದಲಿಂದ ಗೊತ್ತೈತ್ರಿ ಗೌಡ್ರ” ಎಂದಳು ಗಾಳೆವ್ವ. “ಅದು ಕರುವಿನ ಹತ್ರ ಬರಾಕತ್ತಿಲ್ಲ. ನನ್ನ ಹತ್ರ ಬರಾಕತ್ತೈತಿ.”

ಮುಂದಿನದನ್ನು ಯಾರೂ ಅವಳಿಗೆ ಹೇಳಬೇಕಾಗಲಿಲ್ಲ. ಕೂಸನ್ನು ಅತ್ತೆಯ ಮಡಿಲಿಗೆ ಹಾಕಿದಳು. ಅದು ಹಾಲಿಗೆಂದು ಬಾಯಿ ತೆರೆದಿತ್ತು, ಕುಡಿಸಲು ಹೊತ್ತಿರಲಿಲ್ಲ. ಬಂಡೆಗಳ ಬೆನ್ನಿಗೆ ಇಳಿದು, ಹಳ್ಳದ ಮೇಲ್ಗಡೆ ಲಕ್ಕಿ ಪೊದೆಗಳ ಮರೆಯಲ್ಲಿ ದಾಟಿ, ಮೊಣಕಾಲು ತರಚಿಕೊಂಡು ಒಂಟಿ ಗುಡ್ಡ ಹತ್ತಿದಳು. ಎಮ್ಮೆಯೆಂದರೆ ಎಮ್ಮೆಯೇ, ಚಂದ್ರಿ ಅಷ್ಟೂ ಹೊತ್ತು ಮಡುವಿನ ತಂಪಿಗೆ ನಿಂತೇ ಇತ್ತು. ಊರವರು ಅವತ್ತು ಬದುಕಿದ್ದು ಅದರ ಸೋಮಾರಿತನದಿಂದ ಎಂದು ಮುದುಕಿಯರು ಇಂದಿಗೂ ನಗುತ್ತಾರೆ. ಗಾಳೆವ್ವ ಹುಲ್ಲುಗರುವಿನ ಪಕ್ಕದಲ್ಲಿ ನಿಂತು, ದಿನವೂ ಹಿಂಡುವ ಹೊತ್ತಿಗೆ ಕೂಗುವ ಹಾಗೆಯೇ, ಬಾ ಚಂದ್ರೀ, ಬಾರವ್ವಾ ಬಾ ಎಂದು ರಾಗ ಎಳೆದಳು. ಎಮ್ಮೆ ಕಿವಿ ನಿಮಿರಿಸಿತು, ನೀರಿನಿಂದೆದ್ದು ಒಂಟಿ ಗುಡ್ಡದ ಕಡೆ ತಿರುಗಿತು. ಕೂಗು ಸವಾರರಿಗೂ ಕೇಳಿತು, ಅವರು ಕುದುರೆಗಳನ್ನು ದೌಡಾಯಿಸಿದರು.

ಗುಡ್ಡವನ್ನೆಲ್ಲ ಜಾಲಾಡಿದರೂ ಅವರಿಗೆ ಸಿಕ್ಕಿದ್ದು ಒಬ್ಬ ಹೆಂಗಸು ಮತ್ತು ಒಂದು ಬೊಂಬೆ. ಅವರಲ್ಲಿ ನಮ್ಮ ಮಾತು ಬಲ್ಲವನೊಬ್ಬನಿದ್ದ. ಅವನ ಬಾಯಿಂದ ನಾಯಕ ಕೇಳಿಸಿದ, ಊರವರೆಲ್ಲಿ ಎಂದು. ಊರು ಬಿಟ್ಟು ದೇಶಾಂತರ ಹೋದರು, ನಾನು ಎಮ್ಮೆಗೋಸ್ಕರ ಉಳಿದೆ ಎಂದಳು ಗಾಳೆವ್ವ. ನಾಯಕ ಸಿಟ್ಟಿನಿಂದ ಹುಲ್ಲುಗರುವಿಗೆ ಕತ್ತಿ ಬೀಸಿದ. ಗಂಟಲಿನಿಂದ ಹೊಟ್ಟೆಯವರೆಗೆ ತೊಗಲು ಸೀಳಿ ನವಣೆ ಹುಲ್ಲು ಹೊರಬಿತ್ತು. ಹುಲ್ಲನ್ನು ಮುಷ್ಟಿಯಲ್ಲಿ ಹಿಡಿದು ನೋಡಿ ಅವನು ನಕ್ಕ. ನಗುತ್ತಲೇ ಅವನ ಕಣ್ಣು ಗಾಳೆವ್ವನ ಎದೆಯ ಮೇಲೆ ನಿಂತಿತು. ಕೂಸಿಗೆ ಕುಡಿಸುವ ಹೊತ್ತು ಮೀರಿ ಅವಳ ಸೆರಗು ಒದ್ದೆಯಾಗಿತ್ತು.

ನಾಯಕ ತನ್ನವರಿಗೆ ಏನೋ ಹೇಳಿದ. ಮಾತು ಬಲ್ಲವನು ಅದನ್ನು ತಿರುಗಿಸಿ ಹೇಳಿದಾಗ ಅವನಿಗೇ ನಾಚಿಕೆಯಾದಂತಿತ್ತು.

“ಈ ಎಮ್ಮಿನೂ ಬಿಡ್ರಿ ಅಂತಾನ” ಎಂದ ಅವನು. “ಕರು ಎಲ್ಲೈತೋ ಅಲ್ಲಿಗಿ ಹೊಕ್ಕಾಳ. ಇವತ್ತಲ್ಲ, ಮುಂದಿನ ಸುಗ್ಗೀಗಿ ಬಂದು ನೋಡೂಣು ಅಂತಾನ.”

ಅವರು ಅವಳನ್ನು ಮುಟ್ಟದೆ ಇಳಿದು ಹೋದರು. ಹೊಡೆದಿದ್ದರೆ, ಕಟ್ಟಿ ಒಯ್ದಿದ್ದರೆ ಅವಳಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಎದೆ ನೋವಿನಿಂದ ಸಿಡಿಯುತ್ತಿತ್ತು. ಹಳ್ಳದಾಚೆ ಕೂಸು ಅಳುತ್ತಿರಬೇಕು, ಅಳು ಕೇಳಿಸೀತೆಂದು ಅತ್ತೆ ಅದರ ಬಾಯಿ ಒತ್ತಿ ಹಿಡಿದಿರಬೇಕು, ಎಷ್ಟು ಒತ್ತುತ್ತಾಳೋ ಏನೋ. ಕಾಲು ತಾವಾಗಿಯೇ ಎದ್ದು ನಿಲ್ಲುತ್ತಿದ್ದವು. ಅವನ್ನು ಕೈಯಿಂದ ಹಿಡಿದು ಕೂರಿಸಿಕೊಂಡಂತೆ ಅವಳು ಬಂಡೆಗೆ ಒರಗಿ ಕುಳಿತಳು. ದಂಡು ಹೊಳೆಯ ಕಡೆ ತಿರುಗಿದ ಧೂಳು ಕಂಡಿತು. ಎಲ್ಲರೂ ಹೋದರೋ, ಕೆಲವರು ಪೊದೆಗಳಲ್ಲಿ ಉಳಿದರೋ ಹೇಳುವವರು ಯಾರು?

ಊರವರು ಮನೆಗಳಿಗೆ ಮರಳಿದ ಮೇಲೆ ಗೌಡ ತಾನೇ ಕರೆಯಲು ಬಂದ. ಗಾಳೆವ್ವ ಒಪ್ಪಲಿಲ್ಲ. ನನ್ನ ಮುಖ ಅವರಿಗೆ ಗೊತ್ತು, ನನಗೆ ಕೂಸಿದೆಯೆಂದೂ ಗೊತ್ತು; ಯಾವ ಕೂಸೆಂದು ಮಾತ್ರ ಗೊತ್ತಿಲ್ಲ. ನಾನು ಎತ್ತಿಕೊಂಡ ದಿನ ಅದು ಗೊತ್ತಾಗುತ್ತದೆ. ಅದನ್ನು ಕತ್ತಿಯ ಕೆಳಗೆ ಹಿಡಿದು ಒಳಬಯಲಿನ ದಾರಿ ಕೇಳಿದರೆ ಹೇಳದೆ ಇರುತ್ತೇನೆಂದು ನಿಮಗೆ ಭಾಷೆ ಕೊಡಲಾರೆ ಎಂದಳು. ಹಾಗೆ ಅವಳು ಚಂದ್ರಿಯೊಡನೆ ಗುಡ್ಡದ ಮೇಲೆಯೇ ಉಳಿದಳು. ಊರಿನವರು ಬಂಡೆಯ ಮೇಲೆ ರೊಟ್ಟಿ ಇಟ್ಟು ಹೋಗುವರು, ಅವಳು ಹಾಲು ಇಟ್ಟಿರುವಳು. ಬಾಳಿಗೆ ಬೇರೆ ತಾಯಂದಿರು ಮೊಲೆಯೂಡಿಸಿದರು. ಗಾಳೆವ್ವನ ಎದೆ ಕಟ್ಟಿ, ಜ್ವರ ಬಂದು, ಕೊನೆಗೆ ಬತ್ತಿತು. ಕಾರೆಮುಳ್ಳಿನಿಂದ ತೂತು ಮಾಡಿ ನಾರು ಪೋಣಿಸಿ ಹುಲ್ಲುಗರುವನ್ನು ಮತ್ತೆ ಹೊಲಿದಳು. ಮಳೆಗಾಲ ಕಳೆಯಿತು. ದಿನವೂ ಸಂಜೆ ಅವಳು ಚಂದ್ರಿಯನ್ನು ಕರೆಯುವ ರಾಗ ಹಳ್ಳ ದಾಟಿ ಊರೊಳಗೆ ಕೇಳುತ್ತಿತ್ತು. ಅದು ಕೇಳಿದ ಕೂಡಲೇ ಮೊದಮೊದಲು ಅಂಬೆಗಾಲಿಡುತ್ತಿದ್ದ, ಆಮೇಲೆ ತಪ್ಪುಹೆಜ್ಜೆ ಇಡುತ್ತಿದ್ದ ಬಾಳಿ ಅಂಗಳಕ್ಕೆ ಬಂದು ಆ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತಿತ್ತು. ಅದೇನೆಂದು ಯಾರೂ ಅದಕ್ಕೆ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬಾರದೆಂದು ಕಟ್ಟಳೆಯೇ ಇತ್ತು.

ಮರುವರ್ಷದ ಸುಗ್ಗಿ ಬಂತು. ಒಂದು ಸಂಜೆ ಗಾಳೆವ್ವ ಚಂದ್ರಿಯನ್ನು ಕರೆದು ಮುಗಿಸಿ ತೆಂಕಲಿಗೆ ನೋಡಿದರೆ ಹೊಳೆಯ ಕಡೆ ಧೂಳು ಎದ್ದಿತ್ತು. ಊರಿನವರು ಗಂಟುಮೂಟೆ ಹೊತ್ತು ಸಾಲುಗುಡ್ಡದ ಕಡೆ ಓಡುತ್ತಿದ್ದರು. ಸದ್ಯ, ಎಲ್ಲರೂ ಒಳಗೆ ಸೇರುತ್ತಾರೆ ಎಂದು ಉಸಿರು ಬಿಡುವಷ್ಟರಲ್ಲಿ ಹಳ್ಳದ ಈಚೆ ದಂಡೆಯಲ್ಲಿ ಅವಳಿಗೆ ಒಂದು ಸಣ್ಣ ಆಕಾರ ಕಂಡಿತು. ಕಾಳಿನ ಗಡಿಗೆ ಎತ್ತಿಕೊಳ್ಳಲೆಂದು ತಿಪ್ಪವ್ವ ಕೂಸನ್ನು ನೆಲಕ್ಕಿಳಿಸಿದ್ದಳು. ಆ ಒಂದು ಗಳಿಗೆಯಲ್ಲೇ ರಾಗ ಕೇಳಿಬಂದಿತ್ತು. ಕಾಲು ತೋಯುವಷ್ಟೇ ನೀರಿದ್ದ ಹಳ್ಳವನ್ನು ದಾಟಿ ಬಾಳಿ ಬೀಳುತ್ತ ಏಳುತ್ತ ಸೀದಾ ಗುಡ್ಡಕ್ಕೆ ಬರುತ್ತಿದ್ದಳು. ಎಮ್ಮೆಯನ್ನು ಕರೆದ ಕೂಗಿಗೆ ಮಗಳು ಬಂದಿದ್ದಳು.

ಗಾಳೆವ್ವ ಬಿದ್ದಂಬೀಳ ಇಳಿದು ಮಗಳನ್ನು ಬಾಚಿಕೊಂಡಳು. ಎದೆಗೊತ್ತಿಕೊಳ್ಳುವಷ್ಟೂ ಪುರುಸೊತ್ತಿರಲಿಲ್ಲ. ಒಳಬಯಲಿಗೆ ಓಡಿದರೆ ಹಿಂದೆಯೇ ಕುದುರೆ ಬರುತ್ತದೆ. ಪೊದೆಯಲ್ಲಿ ಅಡಗಿದರೆ, ಅವಳು ಕಾಣದ್ದರಿಂದಲೇ ಅವರು ಗುಡ್ಡವನ್ನು ಕಲ್ಲು ಕಲ್ಲಾಗಿ ಹುಡುಕುತ್ತಾರೆ. ಕೂಸು ಒಂದು ಸಲ ಅತ್ತರೆ ಮುಗಿಯಿತು. ಕೂಸಿನೊಡನೆ ನೆತ್ತಿಗೆ ತಿರುಗಿ ಹತ್ತಿದವಳ ಕಣ್ಣು ಹುಲ್ಲುಗರುವಿನ ಮೇಲೆ ಬಿತ್ತು. ನಾರು ಕಿತ್ತಳು, ಹುಲ್ಲನ್ನೆಲ್ಲ ಹಿರಿದು ಬಿಸಾಡಿದಳು, ಮಗಳನ್ನು ತೊಗಲಿನೊಳಗೆ ತೂರಿಸಿದಳು. ಮಗಳ ಕಾಲು ಒಳಗೆ ಹಿಡಿಸಲಿಲ್ಲ, ಹೊಟ್ಟೆಯ ಕೆಳಗೆ ಹೊರಗುಳಿದವು. ಅವು ಕಾಣದಂತೆ ಹುಲ್ಲು ಹರಡಿದಳು. ಕತ್ತಲೆಗೆ ಹೆದರಿ ಕೂಸು ಮುಖ ಕಿವುಚಿತು, ಇನ್ನೇನು ಕಿರುಚಬೇಕು. ಗಾಳೆವ್ವ ಕರುವನ್ನು ಚಂದ್ರಿಯ ಕೆಚ್ಚಲಿಗೆ ಒತ್ತಿ, ಸೀಳಿದ ಗಂಟಲಿನೊಳಗೆ ಮೊಲೆತೊಟ್ಟು ತುರುಕಿದಳು. ಹಾಲು ಬತ್ತುತ್ತ ಬಂದಿದ್ದ ಎಮ್ಮೆ, ಇಳಿಸದಿದ್ದರೆ? ಒದ್ದರೆ? ಅವಳು ಕೈಯಿಂದ ಅದರ ಪಕ್ಕೆ ಸವರಿದಳು. ಚಂದ್ರಿ ತಿರುಗಿ ತೊಗಲನ್ನು ಮೂಸಿತು. ಈ ಸಲ ಅದರೊಳಗೆ ಬಿಸಿಯಿತ್ತು, ಉಸಿರಿತ್ತು. ಒಮ್ಮೆ ಸಣ್ಣಗೆ ಗುಟುರು ಹಾಕಿ ಹಾಲು ಬಿಟ್ಟಿತು.

ಸವಾರರು ಹತ್ತಿ ಬಂದಾಗ ಹೊತ್ತು ಕಂತುತ್ತಿತ್ತು. ಮುಂದೆ ಬಂದವನು ಅದೇ ನಾಯಕ. ಹೆಂಗಸು ತನ್ನ ಕೂಸಿನ ಹತ್ತಿರ ಹೋಗದೆ ಗುಡ್ಡದಲ್ಲೇ ಉಳಿದಿದ್ದನ್ನು ಕಂಡು ಅವನ ಮುಖ ಗಂಟಾಯಿತು. ಆಗ ಅವನ ಕಣ್ಣು ಹುಲ್ಲುಗರುವಿನ ಮೇಲೆ ಹೋಯಿತು. ಅವನೇ ಸೀಳಿದ್ದ ತೊಗಲು, ಅವನೇ ಮುಷ್ಟಿಯಲ್ಲಿ ಹಿಡಿದು ನೋಡಿದ್ದ ಹುಲ್ಲು. ಆ ಹುಲ್ಲಿನ ಕರು ತಲೆಯಲುಗಿಸುತ್ತ, ಗಂಟಲು ಕುಣಿಸುತ್ತ, ಗುಟುಕು ಗುಟುಕಾಗಿ ಹಾಲು ಕುಡಿಯುತ್ತಿತ್ತು. ಎಮ್ಮೆ ಅದರ ಬೆನ್ನು ನೆಕ್ಕುತ್ತಿತ್ತು. ಗಾಳೆವ್ವ ತಲೆಯೆತ್ತಲಿಲ್ಲ; ಎತ್ತಿದರೆ ತನ್ನ ಮುಖವೇ ಎಲ್ಲ ಹೇಳಿಬಿಡುತ್ತದೆಂದು ಅವಳಿಗೆ ಗೊತ್ತಿತ್ತು. ಹಾಲು ಮುಗಿಯದಿರಲಿ ಎಂಬುದೊಂದೇ ಅವಳ ಬೇಡಿಕೆ. ಮೊದಲು ಒಬ್ಬ ಕುದುರೆ ತಿರುಗಿಸಿದ, ಆಮೇಲೆ ಇನ್ನೊಬ್ಬ. ನಾಯಕ ಹಿಂದೆ ಸರಿಯುತ್ತ ಸರಿಯುತ್ತ ಬಂಡೆಗೆ ಎಡವಿದ. ಎದ್ದವನು ತಿರುಗಿ ನೋಡಲಿಲ್ಲ. ಹುಲ್ಲಿನ ಕರುವಿಗೆ ಜೀವ ಕೊಡುವ ತಾಯಿ ಕೂತ ಗುಡ್ಡ, ಆ ಕಡೆ ಹೋಗಬೇಡಿ ಎಂದು ಹೊಳೆಯಾಚೆಯ ಡೇರೆಗಳಲ್ಲೆಲ್ಲ ಸುದ್ದಿ ಹರಡಿತಂತೆ. ಗುಡ್ಡಕ್ಕೆ ಹೆಸರಿಟ್ಟವರು ಅವರೇ ಎನ್ನುತ್ತಾರೆ. ಅವರ ಕುದುರೆಗಳು ಈ ಸೀಮೆಗೆ ಮತ್ತೆ ಬರಲಿಲ್ಲ.

ಗೌಡನೂ ತಿಪ್ಪವ್ವನೂ ಹುಡುಕಿಕೊಂಡು ಬಂದಾಗ ಗಾಳೆವ್ವ ಮಗಳನ್ನು ಮಡಿಲಲ್ಲಿ ಹಾಕಿಕೊಂಡು, ಮೈಗಂಟಿದ ಹುಲ್ಲು ಕೀಳುತ್ತ ಗಳಗಳ ಅಳುತ್ತಿದ್ದಳು. ಬಾಳಿ ಹೊಟ್ಟೆ ತುಂಬಿ ನಿದ್ದೆ ಹೋಗಿತ್ತು. ಮನೆಗೆ ಹೋಗೋಣ ನಡಿ ತಂಗಿ ಎಂದ ಗೌಡ. ಗಾಳೆವ್ವ ಎದ್ದಳು. ಮಗಳನ್ನು ಹೆಗಲಿಗೆ ಹಾಕಿಕೊಂಡು ಗುಡ್ಡ ಇಳಿದಳು, ಹಳ್ಳ ದಾಟಿದಳು. ಹತ್ತು ಹೆಜ್ಜೆಗೊಮ್ಮೆ ಅತ್ತೆಯನ್ನು ಕೇಳುತ್ತಿದ್ದಳು.

“ಹಿಂದ ಯಾರರ ಬರಾಕತ್ತಾರೇನು ನೋಡತ್ತಿ.”

“ಯಾರಿಲ್ಲವ್ವ” ಎಂದಳು ತಿಪ್ಪವ್ವ. “ಚಂದ್ರಿ ಒಂದ ಬರಾಕತ್ತೈತಿ.”

ಈಗ ಗುಡ್ಡ ಹತ್ತುವವರಿಗೆ ನೆತ್ತಿಯಲ್ಲಿ ಗುಡಿಯೇನೂ ಸಿಗುವುದಿಲ್ಲ. ಎರಡು ಬಂಡೆಗಳ ನಡುವೆ ಮೊಣಕಾಲೆತ್ತರದ ಒಂದು ಚಪ್ಪಡಿ ಇದೆ, ಅದರ ಮೇಲೆ ಒಂದು ಎಮ್ಮೆ, ಅದರ ಕೆಚ್ಚಲಿಗೆ ಬಾಯಿಟ್ಟ ಒಂದು ಕರು, ಪಕ್ಕದಲ್ಲಿ ತಲೆತಗ್ಗಿಸಿ ಕುಳಿತ ಒಬ್ಬ ಹೆಂಗಸು ಕೆತ್ತಿದ್ದಾರೆ. ಕೆಲಸ ಒರಟು. ನೋಡಲು ಬಂದ ಮಕ್ಕಳು ಕರುವಿನ ಕಾಲು ಎಣಿಸಿ ನಗುತ್ತಾರೆ, ಏಕೆಂದರೆ ಅದಕ್ಕೆ ಆರು ಕಾಲುಗಳಿವೆ. ಕೆತ್ತಿದವನಿಗೆ ಲೆಕ್ಕ ಬರುತ್ತಿರಲಿಲ್ಲವೆಂದು ದೊಡ್ಡವರು ಸಮಾಧಾನ ಹೇಳುತ್ತಾರೆ. ಬಗ್ಗಿ ನೋಡಿದರೆ ಹೊಟ್ಟೆಯ ಕೆಳಗಿನ ಎರಡು ಕಾಲುಗಳಿಗೆ ಗೊರಸಿಲ್ಲ, ಬೆರಳುಗಳಿವೆ. ಕರ್ಕಿಹಾಳದ ಹೆಂಗಸರು ಇಲ್ಲಿಗೆ ಬಂದಾಗ ಎಮ್ಮೆಗೆ ಕುಂಕುಮವಿಟ್ಟು, ಆ ಎರಡು ಪುಟ್ಟ ಕಾಲುಗಳಿಗೆ ಅರಿಶಿನ ಹಚ್ಚಿ ಹೋಗುತ್ತಾರೆ.